ನಗು ಕೇಳಿಸದವರು ನಗಿಸುವುದು ಹೇಗೆ

ನನ್ನ ಮೊದಲ ಓಪನ್ ಮೈಕ್, ಅಂದರೆ ಹೊಸಬರೂ ವೇದಿಕೆ ಹತ್ತಿ ಜೋಕ್ ಹೇಳಿ ನೋಡುವ ಕಾರ್ಯಕ್ರಮ, ನಡೆದದ್ದು ರೈಲ್ವೆ ಹಳಿಯ ಪಕ್ಕದ ಒಂದು ಕೆಫೆಯ ಮೇಲ್ಮಹಡಿಯಲ್ಲಿ. ಮರದ ಹಲಗೆಯ ಪುಟ್ಟ ವೇದಿಕೆ. ಮುಖದ ಮೇಲೆ ಜೋರು ಬೆಳಕು, ಎದುರಿಗೆ ಬರೀ ಕತ್ತಲು. ಎರಡನೇ ಜೋಕ್ ಮುಗಿಸಿದೆ. ಕಾಲಡಿಯ ಹಲಗೆ ಗಡಗಡ ನಡುಗಿತು. ಅಬ್ಬಾ, ಇಷ್ಟು ನಗುತ್ತಿದ್ದಾರಲ್ಲ ಅಂತ ಉಬ್ಬಿಹೋದೆ. ನಗು ಇಳಿಯಲಿ ಅಂತ ಕೈಕಟ್ಟಿಕೊಂಡು ದೊಡ್ಡ ಕಲಾವಿದನ ಹಾಗೆ ನಿಂತೆ. ನಡುಕ ನಿಂತ ಮೇಲೆ ಮುಂದಿನ ಜೋಕಿಗೆ ಹೋದೆ. ಕೆಳಗಿಳಿದಾಗ ಗೆಳೆಯ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ: "ಅದು ವಿರಾರ್ ಫಾಸ್ಟ್."

ಯಾರೂ ನಕ್ಕಿರಲಿಲ್ಲ. ನಾನು ಹತ್ತು ಸೆಕೆಂಡ್ ರೈಲಿಗೆ ದಾರಿ ಬಿಟ್ಟು ನಿಂತಿದ್ದೆ.

ಏಳನೇ ವಯಸ್ಸಿನಲ್ಲಿ ಬಂದ ಜ್ವರ ನನ್ನ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಅಷ್ಟರಲ್ಲಿ ಮಾತು ಬಂದಿತ್ತಾದ್ದರಿಂದ ಕನ್ನಡ ಉಳಿಯಿತು. ಸನ್ನೆ ಭಾಷೆ ಕಲಿತದ್ದು ಇಪ್ಪತ್ತು ದಾಟಿದ ಮೇಲೆ, ಇಲ್ಲಿ ಮುಂಬಯಿಯಲ್ಲಿ. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿ, ಅಪ್ಪನದು ಹೋಟೆಲ್ ಲೈನ್. ಕಿವಿ ಕೇಳದ, ಆದರೆ ನಾಲ್ಕು ಜನರನ್ನು ನಗಿಸಬೇಕು ಅನ್ನುವ ಹುಚ್ಚಿರುವ ಹುಡುಗ ಹುಡುಗಿಯರು ಆಗಾಗ ನನಗೆ ಮೆಸೇಜ್ ಮಾಡುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾವ ಭಾಷೆಯಲ್ಲಿ ನಗಿಸುತ್ತೀರಿ?

"ಕಿವುಡ" ಅನ್ನುವುದು ಒಂದೇ ಪದ, ಆದರೆ ಒಳಗೆ ಹತ್ತು ಥರ ಜನ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಎರಡೂ ಕಿವಿಯಲ್ಲಿ 70 ಡೆಸಿಬಲ್ ಕೇಳುವ ಶಕ್ತಿ ಹೋಗಿದ್ದರೆ ಕಿವುಡು, 60ರಿಂದ 70ರ ನಡುವೆ ಇದ್ದರೆ ಮಂದ ಕಿವಿ ಅನ್ನುತ್ತದೆ. ಸರ್ಟಿಫಿಕೇಟಿಗೆ ಆ ಲೆಕ್ಕ ಸಾಕು. ವೇದಿಕೆಗೆ ಬೇಕಾದ ಪ್ರಶ್ನೆ ಬೇರೆ: ಮನೆಯಲ್ಲಿ ಸಿಟ್ಟು ಬಂದಾಗ ನೀವು ಯಾವುದರಲ್ಲಿ ಜಗಳ ಆಡುತ್ತೀರಿ? ಬಾಯಲ್ಲೋ, ಕೈಯಲ್ಲೋ? ಜಗಳ ಯಾವುದರಲ್ಲಿ ಬರುತ್ತದೋ ಜೋಕೂ ಅದರಲ್ಲೇ ಬರುತ್ತದೆ.

ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಮಾತಾಡುತ್ತಲೇ ಸನ್ನೆ ಮಾಡಿದರೆ ಎರಡೂ ಕೆಡುತ್ತವೆ, ಯಾಕೆಂದರೆ ಎರಡರ ವ್ಯಾಕರಣ ಬೇರೆ. ಭಾರತೀಯ ಸನ್ನೆ ಭಾಷೆಯಲ್ಲಿ "ಯಾಕೆ", "ಎಲ್ಲಿ", "ಯಾರು" ಇವೆಲ್ಲ ವಾಕ್ಯದ ಕೊನೆಗೆ ಬರುತ್ತವೆ. ಹುಬ್ಬು, ಕೆನ್ನೆ, ಭುಜ ಕೂಡ ವ್ಯಾಕರಣದ ಕೆಲಸ ಮಾಡುತ್ತವೆ. ಕನ್ನಡ ಮಾತಾಡುತ್ತಾ ಕೈ ಆಡಿಸಿದರೆ ಅದು ಸನ್ನೆ ಭಾಷೆ ಆಗುವುದಿಲ್ಲ, ಸುಮ್ನೆ ನೊಣ ಓಡಿಸಿದ ಹಾಗೆ ಕಾಣುತ್ತದೆ.

ಎರಡು ದಾರಿಯಲ್ಲೂ ನಡೆದವರಿದ್ದಾರೆ. ಕೆನಡಾದ ಡಿ. ಜೆ. ಡೆಮರ್ಸ್ ಕಿವಿ ಮೆಷಿನ್ ಹಾಕಿಕೊಂಡು ಬಾಯಲ್ಲೇ ಹೇಳುತ್ತಾರೆ. ಬ್ರಿಟನ್ನಿನ ಗ್ಯಾವಿನ್ ಲಿಲ್ಲಿ ಬ್ರಿಟಿಷ್ ಸನ್ನೆ ಭಾಷೆಯಲ್ಲಿ ನಗಿಸುತ್ತಾರೆ. ನಮ್ಮಲ್ಲಿ ಕಣ್ಣು ಕಾಣದಿರುವುದನ್ನೇ ಸರಕು ಮಾಡಿಕೊಂಡ ನಿಧಿ ಗೋಯಲ್ ಮುಂಬಯಿಯವರು. ದೃಷ್ಟಿ ಮಂದವಾದ ಸಂದೀಪ್ ರಾವ್ ನಮ್ಮ ಬೆಂಗಳೂರಿನವರು. ಅವರ ವಿಡಿಯೋಗಳನ್ನು ನೋಡಿ. ಕದಿಯಬೇಕಾದದ್ದು ಜೋಕನ್ನಲ್ಲ, ಒಂದು ಕೊರತೆಯ ಬಗ್ಗೆ ಮೊದಲ ನಿಮಿಷದಲ್ಲಿ ಹೇಗೆ ಮಾತು ತೆಗೆಯುತ್ತಾರೆ ಅನ್ನುವುದನ್ನು.

ಹೆಜ್ಜೆ 2: ಸರಕು ಕೂಡಿಸುವುದು

ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಡಿ. ಯಾರಾದರೂ ಹೇಳಿದ್ದನ್ನು ತಪ್ಪು ತಿಳಿದುಕೊಂಡಾಗಲೆಲ್ಲ ಬರೆದುಕೊಳ್ಳಿ. ಅವರು ಹೇಳಿದ್ದು ಒಂದು ಕಡೆ, ನಿಮಗೆ ಕಂಡದ್ದು ಇನ್ನೊಂದು ಕಡೆ. ಕಿವಿ ಕೇಳುವ ಕಾಮಿಡಿಯನ್ ಜೋಕ್ ಹುಡುಕಿಕೊಂಡು ಅಲೆಯಬೇಕು. ನಮಗೆ ದಿನಕ್ಕೆ ನಾಲ್ಕು ಪುಕ್ಕಟೆ ಸಿಗುತ್ತವೆ.

ತುಟಿ ಓದುವವರಿಗೆ ಕನ್ನಡದಲ್ಲಿ ಒಂದು ಗಣಿಯೇ ಇದೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕನ್ನಡಿ ಮುಂದೆ ದನಿ ಇಲ್ಲದೆ "ಪಾಪ", "ಬಾಬಾ", "ಮಾಮ" ಅಂದು ನೋಡಿ. ಏನಾದರೂ ವ್ಯತ್ಯಾಸ ಕಂಡಿತಾ? ನನ್ನ ಅರ್ಧ ಬಾಲ್ಯ ಯಾರು ಪಾಪ, ಯಾರು ಮಾಮ ಅನ್ನುವ ಗೊಂದಲದಲ್ಲೇ ಕಳೆಯಿತು. ಕ, ಗ, ಹ ಬಾಯಿಯ ಒಳಗೇ ಆಗಿಹೋಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಇದರ ಮೇಲೆ ಮುಂಬಯಿ ಬೇರೆ. ಎದುರಿನವರು ಬಾಯಿ ತೆರೆದಾಗ ಅದು ಕನ್ನಡವೋ, ಮರಾಠಿಯೋ, ಹಿಂದಿಯೋ, ತುಳುವೋ ಅಂತ ಮೊದಲು ಗೊತ್ತಾಗಬೇಕು. ಆಮೇಲೆ ತಾನೇ ಶಬ್ದ ಹುಡುಕುವುದು?

ಒಂದು ಜೋಕ್ ಹೇಗೆ ಬೆಳೆಯಿತು ಅಂತ ತೋರಿಸುತ್ತೇನೆ. ನನ್ನ ಸೆಟ್ಟಿನಲ್ಲಿ, ಅಂದರೆ ವೇದಿಕೆಯಲ್ಲಿ ಒಂದು ಸರದಿಗೆ ಹೇಳುವ ಜೋಕುಗಳ ಸಾಲಿನಲ್ಲಿ, ಇದು ಎಲ್ಲಕ್ಕಿಂತ ಹಳೆಯದು.

ನಡೆದದ್ದು ಇಷ್ಟು. ಕಾಲೇಜು ರಜೆಯಲ್ಲಿ ಮಾಟುಂಗಾದ ಕಡೆ ಮಾವನ ಹೋಟೆಲಿನಲ್ಲಿ ಕೈಜೋಡಿಸುತ್ತಿದ್ದೆ. ನಮ್ಮ ಕಡೆ ಹೋಟೆಲಿನ ಹುಡುಗನನ್ನು "ಮಾಣಿ" ಅನ್ನುತ್ತಾರೆ. ಮರಾಠಿಯಲ್ಲಿ ನೀರಿಗೆ "ಪಾಣಿ". ತುಟಿಯ ಮೇಲೆ ಎರಡೂ ಒಂದೇ. ಗಿರಾಕಿ ನನ್ನನ್ನು ಕರೆಯುತ್ತಿದ್ದಾರೋ ನೀರು ಕೇಳುತ್ತಿದ್ದಾರೋ ತಿಳಿಯದೆ ನಾನು ಪ್ರತಿ ಸಲವೂ ನೀರಿನ ಜಗ್ ಹಿಡಿದುಕೊಂಡೇ ಹೋಗುತ್ತಿದ್ದೆ.

ಮೊದಲು ಬರೆದಾಗ ಇದನ್ನು ಹೀಗೆ ಹೇಳಿದ್ದೆ: "ಪಾಣಿ ಮತ್ತು ಮಾಣಿ ತುಟಿಯಲ್ಲಿ ಒಂದೇ ಥರ ಕಾಣುತ್ತವೆ, ಹಾಗಾಗಿ ನನಗೆ ಗೊಂದಲವಾಗುತ್ತಿತ್ತು." ಇದು ಜೋಕಲ್ಲ, ಮೇಷ್ಟ್ರ ಪಾಠ. ವಿವರಣೆ ಮೊದಲೇ ಬಂದುಬಿಟ್ಟರೆ ನಗುವುದಕ್ಕೆ ಏನು ಉಳಿಯಿತು?

ಎರಡನೇ ಸಲ ಹೀಗಾಯಿತು: "ಮಾವನ ಹೋಟೆಲಿನಲ್ಲಿ ನನ್ನಷ್ಟು ಒಳ್ಳೆಯ ಮಾಣಿ ಇನ್ನೊಬ್ಬನಿರಲಿಲ್ಲ. ಕನ್ನಡದವರು 'ಮಾಣಿ' ಅಂತ ಕರೆದರೆ ನೀರು ತರುತ್ತಿದ್ದೆ. ಮರಾಠಿಯವರು 'ಪಾಣಿ' ಅಂದರೂ ನೀರು ತರುತ್ತಿದ್ದೆ. ಕೇಳುವ ಮೊದಲೇ ನೀರು ತರುತ್ತಾನೆ, ಎಂಥ ಹುಡುಗ ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮೂರು ವಾರ ಆದ ಮೇಲೆ ಮಾವ ಕರೆದು ಬರೆದು ಕೇಳಿದರು: 'ಹೌದೋ, ಇವತ್ತಿನವರೆಗೆ ಒಬ್ಬರಿಗಾದರೂ ದೋಸೆ ಕೊಟ್ಟಿದ್ದೀಯಾ?'"

ವಿವರಣೆಯನ್ನು ಪೂರ್ತಿ ತೆಗೆದೆ. ಕೇಳುವವರು ತಾವೇ ತುಟಿ ಆಡಿಸಿ ನೋಡುತ್ತಾರೆ. ನಿಜವಾಗಲೂ ನೋಡುತ್ತಾರೆ, ಮೂರನೇ ಸಾಲಿನವರೆಗೂ ಜನ "ಪಾಣಿ, ಮಾಣಿ" ಅಂತ ಮೆಲ್ಲಗೆ ಬಾಯಿ ಆಡಿಸುವುದು ನನಗೆ ಕಾಣುತ್ತದೆ. ಕೊನೆಯ ಸಾಲಿನಲ್ಲಿ "ದೋಸೆ" ಬಂದದ್ದು ಆರನೇ ಸಲ ಹೇಳಿದಾಗ. ಅದಕ್ಕೂ ಮೊದಲು "ಊಟ" ಅಂತಿತ್ತು. ದೋಸೆಗೆ ನಗು ಜಾಸ್ತಿ, ಯಾಕೆ ಅಂತ ಕೇಳಬೇಡಿ. ಇನ್ನೊಂದು ಗಮನಿಸಿ: ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ನಮಗೆ ದೊಡ್ಡ ಅನುಕೂಲ. ಗುಟ್ಟನ್ನು ವಾಕ್ಯದ ಬಾಲದವರೆಗೆ ಹಿಡಿದಿಡಬಹುದು. ಆ ಬಾಲದ ಮೇಲೆ ಇನ್ನೊಂದು ಪದ ಸೇರಿಸಬೇಡಿ. "ಕೊಟ್ಟಿದ್ದೀಯಾ ಅಂತ ಕೇಳಿಬಿಟ್ಟರು ನೋಡಿ" ಅಂದರೆ ಸತ್ತಿತು.

ಆದರೆ ಇದೇ ಜೋಕನ್ನು ಕಿವುಡರ ಕೂಟದಲ್ಲಿ ಸನ್ನೆಯಲ್ಲಿ ಮಾಡಿದಾಗ ಒಬ್ಬರೂ ನಗಲಿಲ್ಲ. ಸನ್ನೆಯಲ್ಲಿ ನೀರಿಗೂ ಹುಡುಗನಿಗೂ ಯಾವ ಹೋಲಿಕೆಯೂ ಇಲ್ಲವಲ್ಲ. ತುಟಿಯ ಮೇಲೆ ನಿಂತ ಜೋಕ್ ಕೈಗೆ ದಾಟುವುದಿಲ್ಲ.

ಎರಡೂ ಕಡೆ ಓಡುವುದು ಮೈಯಿಂದ ಹುಟ್ಟಿದ ಜೋಕ್. ನನ್ನದೊಂದು ಹೀಗಿದೆ. ದಾದರ್ ಸ್ಟೇಷನ್ನಿನಲ್ಲಿ ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತದೆ ಅಂತ ಅನೌನ್ಸ್ ಮಾಡಿದರೆ ನನಗೆ ಕೇಳುವುದಿಲ್ಲ. ಹಾಗಾಗಿ ನನ್ನ ನಿಯಮ ಒಂದೇ: ಜನ ಓಡಿದರೆ ನಾನೂ ಓಡಬೇಕು. ಒಂದು ದಿನ ಹತ್ತು ಹನ್ನೆರಡು ಹುಡುಗರು ಓಡಿದರು, ನಾನೂ ಓಡಿದೆ. ಮೆಟ್ಟಿಲು ಹತ್ತಿದರು, ಹತ್ತಿದೆ. ಸೇತುವೆ ದಾಟಿದರು, ದಾಟಿದೆ. ಹಿಂದೆ ಓಡಿಬರುತ್ತಿದ್ದವರು ಟಿಸಿ. ಅಷ್ಟೂ ಜನರಲ್ಲಿ ಜೇಬಿನಲ್ಲಿ ಪಾಸ್ ಇಟ್ಟುಕೊಂಡು ಓಡಿದವನು ನಾನೊಬ್ಬನೇ.

ಇದನ್ನು ಬಾಯಲ್ಲಿ ಹೇಳಿದರೆ ನಗುತ್ತಾರೆ. ಸನ್ನೆಯಲ್ಲಿ ಮಾಡಿದರೆ ಬಿದ್ದು ಬಿದ್ದು ನಗುತ್ತಾರೆ. ಸನ್ನೆ ಭಾಷೆಯಲ್ಲಿ ಒಂದು ಸಲ ಭುಜ ತಿರುಗಿಸಿದರೆ ನಾನೇ ಟಿಸಿ, ಇನ್ನೊಂದು ಸಲ ತಿರುಗಿಸಿದರೆ ಓಡುವ ಹುಡುಗ, ಮತ್ತೆ ತಿರುಗಿಸಿದರೆ ಹಿಂದೆ ಏನೂ ತಿಳಿಯದೆ ಖುಷಿಯಿಂದ ಓಡುವ ನಾನು. "ಅವನು ಹೇಳಿದ, ಇವನು ಹೇಳಿದ" ಅನ್ನುವ ಕಸವೇ ಬೇಡ. ನಾನು ಇದನ್ನು ಯಾವ ಕಾರ್ಯಾಗಾರದಲ್ಲೂ ಕಲಿಯಲಿಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬರುತ್ತವಲ್ಲ, ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಭಾಗವತರ ಪದ್ಯ ನನಗೆ ಕೇಳುತ್ತಿರಲಿಲ್ಲ. ಚೆಂಡೆ ಎದೆಗೆ ಬಡಿಯುತ್ತಿತ್ತು. ಹಾಸ್ಯಗಾರ ರಂಗಕ್ಕೆ ಬಂದು ಬಾಯಿ ತೆರೆಯುವ ಮೊದಲೇ, ಬರೀ ನಿಂತ ನಿಲುವಿಗೆ ಸಭೆ ಅಲುಗಾಡುತ್ತಿತ್ತು. ಆ ನಿಲುವನ್ನು ನೋಡಿ ಕಲಿಯಿರಿ.

ಸನ್ನೆಗೆ ಪದ ಸಾಲದೆ ಹೋದರೆ ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೋ ನಿಘಂಟು ಇದೆ. 2021ರ ಹೊತ್ತಿಗೆ ಅದರಲ್ಲಿ 10,000 ಪದ. ಆದರೆ ಪುಸ್ತಕದ ಸನ್ನೆಗಿಂತ ಮುಂಬಯಿ ಲೋಕಲಿನ ಅಂಗವಿಕಲರ ಡಬ್ಬಿಯಲ್ಲಿ ಕಿವುಡ ಹುಡುಗರು ಸಂಜೆ ಮಾಡುವ ಹರಟೆಯ ಸನ್ನೆಗೆ ಮಸಾಲೆ ಜಾಸ್ತಿ.

ಹೆಜ್ಜೆ 3: ಬಾಯಲ್ಲಿ ಹೇಳುವವರು ದನಿಯನ್ನು ಪರೀಕ್ಷಿಸುವುದು

ನಮ್ಮ ದನಿ ನಮಗೆ ಗೊತ್ತಿಲ್ಲ. ಅಮ್ಮನ ಹತ್ತಿರ ಹೇಳಿ ನೋಡಿದೆ, ಎಲ್ಲ ಅರ್ಥ ಆಯಿತು ಅಂದಳು ಅಂತ ನಂಬಬೇಡಿ. ಅಮ್ಮನಿಗೆ ನಿಮ್ಮ ಗೊರಕೆಯೂ ಅರ್ಥ ಆಗುತ್ತದೆ. ನಿಮ್ಮ ಮಾತು ಎಂದೂ ಕೇಳಿರದ ಒಬ್ಬರನ್ನು ಕೂರಿಸಿ. ಅವರು ಹುಬ್ಬು ಗಂಟಿಕ್ಕಿದ ಪದಕ್ಕೆಲ್ಲ ಗುರುತು ಹಾಕಿ. ಆ ಪದವನ್ನು ತಿದ್ದಲು ತಿಂಗಳುಗಟ್ಟಲೆ ಒದ್ದಾಡುವ ಬದಲು ಬೇರೆ ಪದ ಹಾಕಿ.

ಇನ್ನೊಂದು ಉಪಾಯ ಗೂಗಲಿನ ಲೈವ್ ಟ್ರಾನ್ಸ್‌ಕ್ರೈಬ್. ಫೋನಿಗೆ ಕನ್ನಡದಲ್ಲಿ ಮಾತಾಡಿ, ಅದು ಏನು ಬರೆಯುತ್ತದೆ ನೋಡಿ. ನಾನು "ನಮಸ್ಕಾರ ಡೊಂಬಿವಲಿ" ಅಂದೆ. ಅದು "ನಮಸ್ಕಾರ ಒಂದು ಬಲಿ" ಅಂತ ಬರೆಯಿತು. ಅದನ್ನೇ ಈಗ ಮೊದಲ ಸಾಲು ಮಾಡಿಕೊಂಡಿದ್ದೇನೆ.

ಮೊದಲ ಅರ್ಧ ನಿಮಿಷ ಜನರ ಕಿವಿ ನಿಮ್ಮ ದನಿಗೆ ಹೊಂದಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಒಳ್ಳೆಯ ಜೋಕ್ ಸುಡಬೇಡಿ. ಯಾವ ಪದ ತಪ್ಪಿದರೂ ನಷ್ಟವಿಲ್ಲದ ಮಾತು ಇರಲಿ, ಕಿವಿ ಕೇಳುವುದಿಲ್ಲ ಅನ್ನುವುದನ್ನೂ ಅಲ್ಲೇ ಹೇಳಿಬಿಡಿ. ಹೇಳದಿದ್ದರೆ ಇವನಿಗೆ ಏನಾಗಿದೆ, ಕುಡಿದಿದ್ದಾನಾ ಅಂತ ಅವರು ಯೋಚಿಸುತ್ತಾ ಕೂರುತ್ತಾರೆ. "ಶ್ರವಣದೋಷವುಳ್ಳ" ಅನ್ನುತ್ತೀರೋ, "ಕಿವುಡ" ಅನ್ನುತ್ತೀರೋ, ನಮ್ಮ ಅಜ್ಜಿಯ ಹಾಗೆ "ಕೆಪ್ಪ" ಅನ್ನುತ್ತೀರೋ ನಿಮಗೆ ಬಿಟ್ಟದ್ದು. ನಾನು "ಕಿವುಡ" ಅನ್ನುತ್ತೇನೆ. ಶ್ರವಣದೋಷವುಳ್ಳ ಅಂದು ಮುಗಿಸುವಷ್ಟರಲ್ಲಿ ಐದು ನಿಮಿಷದ ಸ್ಲಾಟ್ ಅರ್ಧ ಹೋಗಿರುತ್ತದೆ.

ಹೆಜ್ಜೆ 4: ಸನ್ನೆಯಲ್ಲಿ ಹೇಳುವವರು ದನಿ ಹುಡುಕುವುದು

ಎದುರಿಗೆ ಕೇಳುವ ಜನ ಕೂತಿದ್ದರೆ ನಿಮ್ಮ ಕೈಗೆ ಒಂದು ಬಾಯಿ ಬೇಕು. ಬಾಂದ್ರಾದ ರೆಕ್ಲಮೇಷನ್ ಹತ್ತಿರ ಇರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಸನ್ನೆ ಭಾಷೆಯ ಇಂಟರ್‌ಪ್ರಿಟರ್‌ಗಳಿಗೆ ತರಬೇತಿ ಕೊಡುತ್ತದೆ. ಅಲ್ಲಿ ಕಲಿತವರು ಈ ಊರಿನಲ್ಲಿ ಸಿಗುತ್ತಾರೆ. ಕಿವುಡ ತಂದೆತಾಯಿಗೆ ಹುಟ್ಟಿದ ಕೇಳುವ ಮಕ್ಕಳು ಸಿಕ್ಕರೆ ಇನ್ನೂ ಒಳ್ಳೆಯದು, ಅವರಿಗೆ ಸನ್ನೆಯ ತುಂಟತನ ಗೊತ್ತಿರುತ್ತದೆ. ದುಡ್ಡಿನ ಮಾತು ಮೊದಲೇ ಆಗಲಿ. ಗೆಳೆಯರೇ ಆದರೂ ಪುಕ್ಕಟೆ ಕೆಲಸ ಕೇಳಬೇಡಿ.

ತೊಂದರೆ ಏನೆಂದರೆ ಇಲ್ಲಿನ ಇಂಟರ್‌ಪ್ರಿಟರ್‌ಗಳು ದನಿ ಕೊಡುವುದು ಹೆಚ್ಚಾಗಿ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ. ಕನ್ನಡ ಸಭೆಗೆ ನಾನು ಕಂಡುಕೊಂಡ ದಾರಿ ಇದು: ಸೆಟ್ ಪೂರ್ತಿ ಕನ್ನಡದಲ್ಲಿ ಬರೆದು ಒಂದೊಂದು ತುಂಡಿಗೂ ನಂಬರ್ ಹಾಕುತ್ತೇನೆ. ನನ್ನ ಚಿಕ್ಕಮ್ಮನ ಮಗಳಿಗೆ ಸನ್ನೆ ಅಷ್ಟಾಗಿ ಬರುವುದಿಲ್ಲ, ಆದರೆ ಕನ್ನಡವನ್ನು ಚೆನ್ನಾಗಿ ಓದುತ್ತಾಳೆ. ಮುಂದಿನ ಸಾಲಿನಲ್ಲಿ ನನ್ನ ಕಡೆ ಮುಖ ಮಾಡಿ ಮೈಕ್ ಹಿಡಿದು ಕೂರುತ್ತಾಳೆ. ನಾನು ಎಡಗಾಲು ಮುಂದಿಟ್ಟರೆ ಮುಂದಿನ ತುಂಡು. ಹತ್ತು ಸಲವಾದರೂ ಒಟ್ಟಿಗೆ ಅಭ್ಯಾಸ ಮಾಡಿರುತ್ತೇವೆ.

ದನಿ ಕೊಡುವವರು ಯಾರೇ ಆಗಲಿ, ಮೂರು ಮಾತು ಹೇಳಿಡಿ. ವೇದಿಕೆ ಹತ್ತಬೇಡಿ, ಹತ್ತಿದರೆ ಕೇಳುವವರೆಲ್ಲ ದನಿ ಬರುವ ಕಡೆಗೇ ನೋಡುತ್ತಾರೆ, ನಾನು ಕಂಬ ಆಗುತ್ತೇನೆ. ನನಗಿಂತ ಮೊದಲು ನಗಬೇಡಿ. ನನ್ನ ಮಾತನ್ನು ತೊಳೆದು ಹೇಳಬೇಡಿ. ಈ ಮೂರನೆಯದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಕಾರ್ಯಕ್ರಮದಲ್ಲಿ ರಿಕ್ಷಾದವನೊಬ್ಬ ನನಗೆ ಬೈದದ್ದನ್ನು ಮೈತುಂಬಾ ಅಭಿನಯಿಸಿ ತೋರಿಸಿದೆ. ದನಿ ಕೊಡುತ್ತಿದ್ದವರು ಸಂಭಾವಿತರು. "ಚಾಲಕರು ಅಸಮಾಧಾನ ವ್ಯಕ್ತಪಡಿಸಿದರು" ಅಂತ ಹೇಳಿದರಂತೆ. ನನ್ನ ಕೈಯಲ್ಲಿ ಬೈಗುಳ, ಅವರ ಬಾಯಲ್ಲಿ ವಾರ್ತೆ.

ಸನ್ನೆಗೂ ದನಿಗೂ ನಡುವೆ ಒಂದೆರಡು ಸೆಕೆಂಡ್ ಅಂತರ ಇದ್ದೇ ಇರುತ್ತದೆ. ಸಭೆಯಲ್ಲಿ ಕಿವುಡರೂ ಕೇಳುವವರೂ ಇದ್ದರೆ ನಗು ಎರಡು ಅಲೆಯಲ್ಲಿ ಬರುತ್ತದೆ. ಕಿವುಡರು ಮೊದಲು ನಗುತ್ತಾರೆ, ಕೇಳುವವರು ಏನಾಯಿತು ಅಂತ ಸುತ್ತ ನೋಡುತ್ತಾರೆ, ಆಮೇಲೆ ಅವರೂ ನಗುತ್ತಾರೆ. ನಾನು ಆ ಸಂದಿಯಲ್ಲಿ ಕೇಳುವವರ ಕಡೆ ತಿರುಗಿ, ಕೈಗಡಿಯಾರ ನೋಡಿಕೊಂಡು, ಪಾಪ ಅನ್ನುವ ಹಾಗೆ ತಲೆ ಅಲ್ಲಾಡಿಸುತ್ತೇನೆ. ಜೀವಮಾನವಿಡೀ ತಡವಾಗಿ ನಕ್ಕವರು ನಾವು. ಆ ಎರಡು ಸೆಕೆಂಡಿನ ಸುಖವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಹೆಜ್ಜೆ 5: ಜಾಗವನ್ನು ಹದ ಮಾಡಿಕೊಳ್ಳುವುದು

ನಮ್ಮ ಟೈಮಿಂಗ್ ಇರುವುದು ಕಣ್ಣಿನಲ್ಲಿ. ಆದ್ದರಿಂದ ಜೋಕಿಗಿಂತ ಮೊದಲು ಬೆಳಕನ್ನು ಸರಿ ಮಾಡಬೇಕು. ಬಾಂದ್ರಾ, ಖಾರ್, ಅಂಧೇರಿ ಕಡೆಯ ಓಪನ್ ಮೈಕ್ ಜಾಗಗಳಲ್ಲಿ ಬೆಳಕೆಲ್ಲ ವೇದಿಕೆಗೆ, ಪ್ರೇಕ್ಷಕರಿಗೆ ಕತ್ತಲು. ನಡೆಸುವವರಿಗೆ ಎರಡು ದಿನ ಮೊದಲೇ ಹೀಗೊಂದು ಮೆಸೇಜ್ ಹಾಕಿ, ಅವರಿಗೆ ತಿಳಿಯುವ ಭಾಷೆಯಲ್ಲಿ:

"ನನಗೆ ಕಿವಿ ಕೇಳುವುದಿಲ್ಲ. 5 ನಿಮಿಷದ ಸ್ಲಾಟ್ ಬೇಕು. ನನ್ನ ಸರದಿಯಲ್ಲಿ ಮುಂದಿನ ಎರಡು ಸಾಲಿನ ಮೇಲೆ ಸ್ವಲ್ಪ ಬೆಳಕು ಬೇಕು. ಮೈಕಿಗೆ ಸ್ಟ್ಯಾಂಡ್ ಬೇಕು. ನನ್ನ ಹೆಸರು ಕೂಗಿದರೆ ತಿಳಿಯುವುದಿಲ್ಲ, ಹೋಸ್ಟ್ ನನ್ನ ಕಡೆ ಕೈ ತೋರಿಸಲಿ. ಇಷ್ಟೇ, ಬೇರೇನೂ ಬೇಡ."

"ಇಷ್ಟೇ, ಬೇರೇನೂ ಬೇಡ" ಅನ್ನುವ ಸಾಲು ಬಹಳ ಮುಖ್ಯ. ಅದಿಲ್ಲದಿದ್ದರೆ ಅವರು ಗಾಬರಿಯಾಗಿ ಅಂಗವಿಕಲರ ದಿನಾಚರಣೆಗೆ ಕರೆಯುತ್ತೇವೆ ಅಂದುಬಿಡುತ್ತಾರೆ.

ಸ್ಟ್ಯಾಂಡ್ ಯಾಕೆ? ನಮ್ಮ ಸನ್ನೆ ಭಾಷೆಯಲ್ಲಿ ಬೆರಳಿನಿಂದ ಅಕ್ಷರ ತೋರಿಸಲೂ ಎರಡು ಕೈ ಬೇಕು. ಒಂದು ಕೈಯಲ್ಲಿ ಮೈಕ್ ಹಿಡಿದರೆ ಅರ್ಧ ನಾಲಿಗೆ ಕತ್ತರಿಸಿದ ಹಾಗೆ. ಬಟ್ಟೆ ಒಂದೇ ಬಣ್ಣದ್ದಿರಲಿ, ಕೈಯ ಬಣ್ಣಕ್ಕಿಂತ ಬೇರೆಯಾಗಿ ಕಾಣಬೇಕು. ಚೌಕುಳಿ ಶರ್ಟಿನ ಮುಂದೆ ಬೆರಳು ಕಳೆದುಹೋಗುತ್ತವೆ.

ಒಂದು ಖುಷಿಯ ವಿಷಯ. ಸಮಯ ಮುಗಿಯುತ್ತಾ ಬಂತು ಅಂತ ತಿಳಿಸಲು ಓಪನ್ ಮೈಕ್‌ಗಳಲ್ಲಿ ಹಿಂದಿನಿಂದ ಫೋನಿನ ಟಾರ್ಚ್ ತೋರಿಸುತ್ತಾರೆ. ಅದಕ್ಕೆ "ಲೈಟ್ ಕೊಡುವುದು" ಅನ್ನುತ್ತಾರೆ. ಕೇಳುವವರು ತಮಗೆ ಅರಿವಿಲ್ಲದೆ ನಮಗೆಂದೇ ಮಾಡಿಟ್ಟ ಒಂದೇ ಒಂದು ಪದ್ಧತಿ ಇದು. ಟಾರ್ಚ್ ಎಲ್ಲಿಂದ ಬರುತ್ತದೆ ಅಂತ ಮೊದಲೇ ನೋಡಿಡಿ.

ಕಿವಿ ಮೆಷಿನ್ ಹಾಕುವವರು ಸ್ಪೀಕರಿನ ಎದುರು ನಿಲ್ಲಬೇಡಿ. ಅಂಗೈ ಕಿವಿಯ ಹತ್ತಿರ ಹೋದರೆ ಮೆಷಿನ್ ಶಿಳ್ಳೆ ಹೊಡೆಯುತ್ತದೆ, ನಿಮಗೆ ಗೊತ್ತಾಗದಿದ್ದರೂ ಮುಂದಿನ ಸಾಲಿಗೆ ಕೇಳುತ್ತದೆ. ಮುಂಬಯಿಯ ಸೆಕೆಗೆ ಬೆವರು ಇಳಿದು ಮೆಷಿನ್ ನಿಲ್ಲುವುದೂ ಉಂಟು. ಮೆಷಿನ್ ಇಡುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲ ಹಾಕಿಡಿ. ಬ್ಯಾಟರಿಯ ಮೇಲಿನ ಬಣ್ಣದ ಸ್ಟಿಕರ್ ಕಿತ್ತ ಕ್ಷಣದಿಂದ ಗಾಳಿ ತಾಗಿ ಅದು ಖರ್ಚಾಗತೊಡಗುತ್ತದೆ. ಹಾಗಾಗಿ ಮುಂಚೆಯೇ ಕಿತ್ತು ಜೇಬಿನಲ್ಲಿ ಇಡಬೇಡಿ.

ನಾನು ಹೊಸಬರಿಗೆ ಕ್ಲಬ್ಬಿಗಿಂತ ಮೊದಲು ಕನ್ನಡ ಸಂಘದ ಹಾಲ್ ಹುಡುಕಿ ಅನ್ನುತ್ತೇನೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಉಪನಗರಗಳಲ್ಲಿ ಸಣ್ಣಪುಟ್ಟ ಸಂಘಗಳಿಗಂತೂ ಲೆಕ್ಕವಿಲ್ಲ. ನವೆಂಬರ್ ಬಂತೆಂದರೆ ಎಲ್ಲೆಲ್ಲೂ ರಾಜ್ಯೋತ್ಸವ, ಪ್ರತಿ ಕಾರ್ಯಕ್ರಮದಲ್ಲೂ ಮಕ್ಕಳ ನೃತ್ಯಕ್ಕೂ ಅಧ್ಯಕ್ಷರ ಭಾಷಣಕ್ಕೂ ನಡುವೆ ಹತ್ತು ನಿಮಿಷ ಖಾಲಿ ಇರುತ್ತದೆ. ಅಲ್ಲಿ ಟ್ಯೂಬ್‌ಲೈಟ್ ಆರಿಸುವುದಿಲ್ಲ. ಕೊನೆಯ ಸಾಲಿನ ಅಜ್ಜನ ಹಲ್ಲೂ ಕಾಣುತ್ತದೆ. ಕ್ಲಬ್ಬಿನವರು ಅದನ್ನು ಹಳೇ ಕಾಲದ್ದು ಅನ್ನಬಹುದು, ಕಿವುಡ ಕಲಾವಿದನಿಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ.

ಹೆಜ್ಜೆ 6: ನಗುವನ್ನು ನೋಡುವುದು

ಬಾಯಿ ನೋಡಬೇಡಿ. ಮರ್ಯಾದೆಗೆ ಎಲ್ಲರೂ ಬಾಯಿ ಅಗಲಿಸುತ್ತಾರೆ. ಭುಜ ನೋಡಿ. ನಿಜವಾದ ನಗು ಭುಜದಲ್ಲಿ ಕುಣಿಯುತ್ತದೆ. ತಲೆ ಹಿಂದಕ್ಕೆ ಹೋದರೆ ದೊಡ್ಡದು. ಪಕ್ಕದವರ ತೊಡೆಗೆ ಹೊಡೆದರೆ ಇನ್ನೂ ದೊಡ್ಡದು. ಗಂಡ ನಗುವ ಮೊದಲು ಹೆಂಡತಿಯ ಮುಖ ನೋಡಿದರೆ ಆ ಜೋಕ್ ಅವರ ಮನೆಗೆ ತಾಗಿದೆ ಅಂತ ಅರ್ಥ.

ಸಾಕಷ್ಟು ಕಾಣದ ಜಾಗದಲ್ಲಿ ಒಬ್ಬ ಏಜೆಂಟನ್ನು ಕೂರಿಸಿ. ನನ್ನ ಗೆಳೆಯ ಎರಡನೇ ಸಾಲಿನ ತುದಿಯಲ್ಲಿ ಕೂತು ಅಂಗೈಯನ್ನು ತೊಡೆಯ ಮೇಲೆ ಇಟ್ಟಿರುತ್ತಾನೆ. ನಗು ಏರುವಾಗ ಕೈ ಮೇಲೆ, ಇಳಿಯುವಾಗ ಕೆಳಗೆ. ಕೈ ಅರ್ಧ ಇಳಿದಾಗ ನಾನು ಮುಂದಿನ ಮಾತು ಶುರು ಮಾಡುತ್ತೇನೆ. ಪೂರ್ತಿ ಇಳಿಯುವವರೆಗೆ ಕಾದರೆ ಬೆಂಕಿ ಆರಿಹೋಗಿರುತ್ತದೆ. ನನ್ನ ದನಿ ಜೋರಾದರೆ ಅವನು ಕಿವಿ ಮುಟ್ಟಿಕೊಳ್ಳುತ್ತಾನೆ.

ಕಾಲಿನಲ್ಲಿ, ಕೈಯಲ್ಲಿ ಕೂಡ ನಗುವನ್ನು ಹಿಡಿಯಬಹುದು. ಊದಿದ ಬಲೂನನ್ನು ಎರಡು ಕೈಯಲ್ಲಿ ಹಿಡಿದರೆ ಶಬ್ದದ ನಡುಕ ಬೆರಳಿಗೆ ಬರುತ್ತದೆ. ಅಭ್ಯಾಸಕ್ಕೆ ಚೆನ್ನಾಗಿದೆ. ಹಲಗೆಯ ನಡುಕವನ್ನು ಮಾತ್ರ ಕಣ್ಣಿನ ಸಾಕ್ಷಿ ಇಲ್ಲದೆ ನಂಬಬೇಡಿ. ವಿರಾರ್ ಫಾಸ್ಟ್ ನೆನಪಿರಲಿ.

ಕಿವುಡ ಪ್ರೇಕ್ಷಕರು ಎರಡು ಕೈಯನ್ನೂ ಮೇಲೆತ್ತಿ ಗಾಳಿಯಲ್ಲಿ ಅಲ್ಲಾಡಿಸಿ ಚಪ್ಪಾಳೆ ಕೊಡುತ್ತಾರೆ. ಕೇಳುವವರ ಸಭೆಗೂ ಶುರುವಿನಲ್ಲೇ ಇದನ್ನು ಕಲಿಸಿಬಿಡಿ. ಒಂದು ನಿಮಿಷ ಹಿಡಿಯುತ್ತದೆ, ಆದರೆ ಆಮೇಲೆ ಇಡೀ ಸಭೆ ನಿಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತದೆ.

ಹೆಜ್ಜೆ 7: ಕೆಟ್ಟ ರಾತ್ರಿಗಳು

ಪ್ರೇಕ್ಷಕರ ಜೊತೆ ಮಾತುಕತೆ ಬೇಕೆಂದರೆ ಉತ್ತರ ಕಾಣುವಂಥ ಪ್ರಶ್ನೆ ಕೇಳಿ. "ಎಷ್ಟು ಜನ ಮದುವೆಯಾಗಿದ್ದೀರಿ, ಕೈ ಎತ್ತಿ. ಸಂತೋಷವಾಗಿರುವವರು ಎತ್ತಿದ ಕೈ ಹಾಗೇ ಇಡಿ." "ನಿಮ್ಮ ಹೆಸರೇನು?" ಅಂತ ಕೇಳಿದರೆ ಕೆಟ್ಟಿರಿ.

ಕಿರಿಕ್ ಮಾಡುವವರ ಬಗ್ಗೆ ನನಗೆ ಚಿಂತೆಯೇ ಇಲ್ಲ. ಒಬ್ಬ ಕುಡಿದು ಮೂರು ನಿಮಿಷ ಕೂಗಾಡಿದನಂತೆ. ನಾನು ನಗುತ್ತಾ ನನ್ನ ಪಾಡಿಗೆ ಸೆಟ್ ಮುಗಿಸಿದೆ. ಅವನಿಗೆ ಅಂಥ ಅವಮಾನ ಇನ್ಯಾರೂ ಮಾಡಿರಲಿಕ್ಕಿಲ್ಲ.

ನಿಜವಾದ ಕೆಟ್ಟ ರಾತ್ರಿ ಅಂದರೆ ಜನ ಕರುಣೆಯಿಂದ ಎದ್ದು ನಿಂತು ಚಪ್ಪಾಳೆ ಹೊಡೆಯುವುದು. ಜೋಕಿಗೆ ಭುಜ ಅಲುಗದೆ, ಕೊನೆಗೆ ಕಣ್ಣು ಒದ್ದೆ ಮಾಡಿಕೊಂಡು ನಿಂತರೆ ಆ ಸೆಟ್ ಬಿದ್ದಿದೆ ಅಂತಲೇ ಲೆಕ್ಕ. ಒಂದು ಸಮಾರಂಭದಲ್ಲಿ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಸ್ಫೂರ್ತಿ ಅಂತ ಕರೆದು ಕಳಿಸಿದರು. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದದ್ದು: "ಸೊನ್ನೆ ನಗು. 6 ಸೇಬು, 1 ಅನಾನಸ್."

ಪ್ರತಿ ಸೆಟ್ಟನ್ನೂ ವಿಡಿಯೋ ಮಾಡಿಸಿ. ಕ್ಯಾಮೆರಾ ನಿಮ್ಮ ಕಡೆ ಬೇಡ, ಪ್ರೇಕ್ಷಕರ ಕಡೆ ಇರಲಿ. ಮನೆಯಲ್ಲಿ ನಿಮ್ಮ ಬರಹ ಪಕ್ಕದಲ್ಲಿಟ್ಟುಕೊಂಡು ಯಾವ ಪದಕ್ಕೆ ಎಷ್ಟು ಭುಜ ಅಲುಗಿತು ಅಂತ ಎಣಿಸಿ. ನಿಮ್ಮ ವಿಡಿಯೋವನ್ನು ನೆಟ್ಟಿಗೆ ಹಾಕುವುದಾದರೆ ಹೇಳಿದ್ದನ್ನು ಕೆಳಗೆ ಕನ್ನಡ ಅಕ್ಷರದಲ್ಲಿ ಹಾಕಿಯೇ ಹಾಕಿ, ಆದರೆ ಕೊನೆಯ ಸಾಲನ್ನು ಬೇರೆ ತೆರೆಗೆ ಒಡೆಯಿರಿ. ಎಲ್ಲ ಒಟ್ಟಿಗೆ ಬಂದರೆ ನೀವು ಹೇಳುವ ಮೊದಲೇ ಜನ ಓದಿ ಮುಗಿಸಿರುತ್ತಾರೆ.

ಕಡೆಯದಾಗಿ, ಸ್ಲಾಟ್ ಆರಿಸುವ ಅವಕಾಶ ಸಿಕ್ಕರೆ ಮೂರನೆಯದೋ ನಾಲ್ಕನೆಯದೋ ಕೇಳಿ. ಮೊದಲನೆಯದರಲ್ಲಿ ಜನ ಇನ್ನೂ ಕುರ್ಚಿ ಎಳೆಯುತ್ತಿರುತ್ತಾರೆ. ಕೊನೆಯದು ಬಂದರೆ ಹನ್ನೊಂದು ದಾಟುತ್ತದೆ, ಡೊಂಬಿವಲಿಗೆ ಕೊನೆಯ ಗಾಡಿಗಳು ಉಳಿದಿರುತ್ತವೆ. ಆ ಹೊತ್ತಿನಲ್ಲಿ ದಾದರ್‌ನಲ್ಲಿ ಯಾರಾದರೂ ಓಡಿದರೆ ಮೊದಲು ಇಂಡಿಕೇಟರ್ ನೋಡಿ, ಆಮೇಲೆ ಓಡಿ.